ಡಿಕ್ಕಿಯ ಬೋಲ್ಟು, ಡ್ಯಾಶ್‌ನ ಕೀರಲು: 1992ರ ಯೂನೋಸ್ ರೋಡ್‌ಸ್ಟರ್ ಒಂದರ ಆಡಿಯೋ ಪ್ರಕರಣ

ಕಾರು: 1992ರ ಯೂನೋಸ್ ರೋಡ್‌ಸ್ಟರ್, 1.6 ಲೀಟರ್ ಎಂಜಿನ್, ಬಲಗೈ ಸ್ಟೀರಿಂಗ್. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮಜ್ದಾ ಹೊರತಂದ ಎಂಎಕ್ಸ್-5 ಮಿಯಾಟಾ ಜಪಾನಿನಲ್ಲಿ ಮಾರಾಟವಾದದ್ದು ಈ ಹೆಸರಿನಲ್ಲಿ. ಅಲ್ಲಿ ಕೆಲವು ವರ್ಷ ಓಡಿದ ಇಂಥ ಕಾರುಗಳು ಸೆಕೆಂಡ್‌ಹ್ಯಾಂಡ್ ಆಗಿ ಬ್ರಿಟನ್ನಿಗೆ ಹಡಗೇರಿ ಬಂದವು. ಈ ಪ್ರಕರಣದ ಕಾರೂ ಹಾಗೆ ಬಂದದ್ದೇ, ಈಗಲೂ ಅಲ್ಲೇ ಇದೆ, ಮಳೆಯಲ್ಲಿ ಮನೆಯ ಹೊರಗೇ ನಿಲ್ಲುತ್ತದೆ. ಈ ವಿವರಗಳು ಮುಖ್ಯ. ಏಕೆಂದರೆ ಜಪಾನಿನಿಂದ ಬ್ರಿಟನ್ನಿಗೆ ಬಂದ ಕಾರಿಗೆ ಕೆಲವು ಕೆಲಸಗಳು ತಪ್ಪದೆ ಆಗಿರುತ್ತವೆ, ಮತ್ತು ಅವುಗಳ ಅವಶೇಷ ಡ್ಯಾಶ್‌ನ ಹಿಂದೆ ಉಳಿದಿರುತ್ತದೆ.

ದೂರು ಮೂರು. ಒಂದು, ಐದು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದು ಸೆಲ್ಫ್ ಹೊಡೆಯುವುದಿಲ್ಲ. ಎರಡು, ಎಂಜಿನ್ ಚಾಲೂ ಆದೊಡನೆ ಬಾಗಿಲಿನ ಸ್ಪೀಕರುಗಳಲ್ಲಿ ಸಣ್ಣ ಕೀರಲು. ಆಕ್ಸಿಲರೇಟರ್ ಒತ್ತಿದಷ್ಟೂ ಸ್ವರ ಮೇಲೇರುತ್ತದೆ. ಮೂರು, ರಾತ್ರಿ ಹೊತ್ತು ಮಡಚಿದ ಹೆಡ್‌ಲೈಟುಗಳು ಮೇಲೆದ್ದರೆ ಸ್ಟೀರಿಯೋ ಒಮ್ಮೆ ಸತ್ತು ಮತ್ತೆ ಹುಟ್ಟುತ್ತದೆ. ಕೀ ತೆಗೆದರೆ ಅದರ ಸೆಟ್ಟಿಂಗುಗಳೆಲ್ಲ ಮಾಯ.

ಜೋಡಣೆ ಹೀಗಿತ್ತು. ಡ್ಯಾಶ್‌ನ ಡಬಲ್ ಡಿನ್ ಕಿಂಡಿಯಲ್ಲಿ, ಅಂದರೆ ಮಾಮೂಲಿ ರೇಡಿಯೋದ ಎರಡರಷ್ಟು ಎತ್ತರದ ಕಿಂಡಿಯಲ್ಲಿ, ಬ್ಲೂಟೂತ್ ಮತ್ತು ಡಿಎಬಿ (ಡಿಜಿಟಲ್ ರೇಡಿಯೋ) ಇರುವ ಹೊಸ ಹೆಡ್ ಯೂನಿಟ್, ಅಂದರೆ ಸ್ಟೀರಿಯೋ ಪೆಟ್ಟಿಗೆ. ಅದರ ಒಳಗಿನ ಆಂಪ್ಲಿಫೈಯರ್ ಸೀಟಿನ ಹೆಡ್‌ರೆಸ್ಟ್ ಸ್ಪೀಕರುಗಳನ್ನು ನಡೆಸುತ್ತದೆ. ಡಿಕ್ಕಿಯಲ್ಲಿ ನಾಲ್ಕು ಚಾನೆಲ್‌ನ ಪ್ರತ್ಯೇಕ ಆಂಪ್ಲಿಫೈಯರ್. ಅದರ ಎರಡು ಚಾನೆಲ್ ಬಾಗಿಲಿನ ಆರೂವರೆ ಇಂಚಿನ ಸ್ಪೀಕರುಗಳಿಗೆ, ಉಳಿದೆರಡನ್ನು ಸೇರಿಸಿ ಒಂದು ಸಣ್ಣ ಸಬ್‌ವೂಫರಿಗೆ. ಮುಂದಿನಿಂದ ಹಿಂದಕ್ಕೆ ಹಾಡಿನ ಸಿಗ್ನಲ್ ಒಯ್ಯುವ ಎರಡು ಜೋಡಿ ಆರ್‌ಸಿಎ ಕೇಬಲ್; ಇವುಗಳಲ್ಲಿ ನಡುವೆ ಸಿಗ್ನಲ್ ತಂತಿ, ಸುತ್ತ ಲೋಹದ ಕವಚ. ವಸ್ತುಗಳೆಲ್ಲ ಒಳ್ಳೆಯವೇ, ಹೊಸವೇ.

ಈ ಕಾರಿನಲ್ಲಿ ಬ್ಯಾಟರಿ ಬಾನೆಟ್ ಕೆಳಗಿಲ್ಲ, ಡಿಕ್ಕಿಯಲ್ಲಿದೆ. ಮೂರು ದೂರುಗಳಲ್ಲಿ ಎರಡರ ಬೇರು ಕೊನೆಗೆ ಅಲ್ಲಿಗೇ ಹೋಗಿ ಮುಟ್ಟಿತು. ಮೂರನೆಯದನ್ನು ಹುಟ್ಟಿಸಿದ್ದು ಹಿಂದಿನವರು ಮಾಡಿದ ರಿಪೇರಿ.

ಮೊದಲು ಬ್ಯಾಟರಿ

ಈ ಮಾದರಿಗೆ ಕಾರ್ಖಾನೆ ಕೊಟ್ಟ ಬ್ಯಾಟರಿ ಚಿಕ್ಕದು, ಎಜಿಎಂ ಜಾತಿಯದು (ಆಮ್ಲವನ್ನು ಗಾಜುನಾರಿನ ಹಾಳೆ ಹೀರಿಟ್ಟುಕೊಂಡ, ನೀರು ತುಂಬಬೇಕಿಲ್ಲದ ಮುಚ್ಚಿದ ಬ್ಯಾಟರಿ), ಸಾಮರ್ಥ್ಯ ಮೂವತ್ತರ ಆಸುಪಾಸಿನ ಆಂಪಿಯರ್-ಅವರ್. ದೊಡ್ಡ ಸೆಡಾನ್ ತಡೆದುಕೊಳ್ಳುವ ಕಳ್ಳ ಕರೆಂಟನ್ನು ಇದು ತಡೆಯದು. ಹಾಗಾಗಿ ಲೆಕ್ಕ ಬಿಗಿಯಾಗಿ ಹಾಕಬೇಕು.

ನಿಂತ ಕಾರು ಎಷ್ಟು ಕುಡಿಯುತ್ತದೆ ಎಂದು ಅಳೆಯುವ ಕ್ರಮ: ಕೀ ತೆಗೆದು, ಡಿಕ್ಕಿ ತೆರೆದಿಟ್ಟು, ಬಾಗಿಲು ಮುಚ್ಚಿದೆ ಎಂದು ಕಾರು ತಿಳಿಯುವಂತೆ ಬಾಗಿಲಿನ ಸ್ವಿಚ್ಚನ್ನು ಒತ್ತಿಹಿಡಿದು, ಅಲಾರಂ ಆನ್ ಮಾಡಬೇಕು. ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ನೆಗೆಟಿವ್ ಕೇಬಲಿನ ಕ್ಲ್ಯಾಂಪಿಗೆ. ಮೀಟರ್ ಸೇರಿಸಿದ ಮೇಲೆಯೇ ಕ್ಲ್ಯಾಂಪನ್ನು ಕಂಬದಿಂದ ಎತ್ತಬೇಕು, ಆಗ ಸರ್ಕಿಟ್ ಕಡಿಯುವುದಿಲ್ಲ, ಅಲಾರಂ ಎಚ್ಚರಗೊಳ್ಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಓದಬೇಕು. ಮೀಟರ್ ಹೀಗಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಅಲ್ಲೇ ಸಾಯುತ್ತದೆ.

ಓದಿದ್ದು 195 ಮಿಲಿಆಂಪಿಯರ್. ದಿನಕ್ಕೆ 4.7 ಆಂಪಿಯರ್-ಅವರ್. ಐದು ದಿನಕ್ಕೆ 23. ಮೂವತ್ತರ ಬ್ಯಾಟರಿಯಲ್ಲಿ ಇನ್ನು ಉಳಿದದ್ದು ಸೆಲ್ಫ್‌ಗೆ ಸಾಲದು. ದೂರು ಸುಳ್ಳಲ್ಲ, ಬ್ಯಾಟರಿಯೂ ಕೆಟ್ಟದ್ದಲ್ಲ.

ಮುಂದಿನ ಹೆಜ್ಜೆಗೆ ಫ್ಯೂಸ್ ಕೀಳುವ ಅಗತ್ಯವಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಲೋಹದ ಚುಕ್ಕೆಗಳಿರುತ್ತವೆ; ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಅವೆರಡರ ನಡುವೆ ಮುಟ್ಟಿಸಿದರೆ ಸಾಕು. 10 ಆಂಪಿಯರ್ ಫ್ಯೂಸಿನ ರೋಧ ಸುಮಾರು 7.5 ಮಿಲಿಓಮ್, ಹಾಗಾಗಿ 100 ಮಿಲಿಆಂಪಿಯರ್ ಹರಿದರೆ ಮುಕ್ಕಾಲು ಮಿಲಿವೋಲ್ಟ್ ಕಾಣುತ್ತದೆ. ಒಂದೊಂದಾಗಿ ಮುಟ್ಟುತ್ತ ಹೋದಾಗ ಎಲ್ಲ ಸೊನ್ನೆ, ‘ರೂಮ್’ (ಕಾರಿನ ಒಳದೀಪ) ಎಂದು ಬರೆದ 10 ಆಂಪಿಯರ್ ಫ್ಯೂಸಿನ ಮೇಲೆ ಮಾತ್ರ 1.4 ಮಿಲಿವೋಲ್ಟ್. ಖಚಿತಪಡಿಸಲು ಅದೊಂದನ್ನು ಕಿತ್ತರೆ 195 ಇದ್ದದ್ದು 8ಕ್ಕೆ ಇಳಿಯಿತು.

ಹಿಂದಿನ ರಿಪೇರಿ ಇಲ್ಲಿಗೇ ಬಂದು ದಾರಿ ತಪ್ಪಿತ್ತು. ಈ ಕಾರಿನಲ್ಲಿ ರೇಡಿಯೋದ ಮೆಮೊರಿ ಲೈನ್ ಬರುವುದು ರೂಮ್ ಫ್ಯೂಸಿನಿಂದ. ಫ್ಯೂಸ್ ಕಿತ್ತಾಗ ಕರೆಂಟ್ ನಿಂತಿತು, ಆ ಫ್ಯೂಸಿನಲ್ಲಿ ರೇಡಿಯೋ ಇದೆ, ಆದ್ದರಿಂದ ಕಳ್ಳ ರೇಡಿಯೋನೇ ಎಂದು ತೀರ್ಮಾನಿಸಿ, ಹೆಡ್ ಯೂನಿಟ್ಟಿನ ಹಳದಿ ತಂತಿಯನ್ನು, ಅಂದರೆ ಸದಾ ಕರೆಂಟ್ ಬೇಕಾದ ತಂತಿಯನ್ನು, ಕೆಂಪು ತಂತಿಯ ಜೊತೆಗೆ ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಲೈನಿಗೆ ಸುತ್ತಿಬಿಟ್ಟಿದ್ದರು. ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಸೆಟ್ಟಿಂಗ್ ಮಾಯವಾಗುವುದು ಶುರುವಾಯಿತು. ಫ್ಯೂಸ್ ತೋರಿಸುವುದು ಬೀದಿಯನ್ನು. ಮನೆಯನ್ನು ಹುಡುಕುವ ಕೆಲಸ ಆಮೇಲೆ ಇದ್ದೇ ಇದೆ. ಹೆಡ್ ಯೂನಿಟ್ಟಿಗೆ ಪ್ರತ್ಯೇಕವಾಗಿ ಮೀಟರ್ ಹಿಡಿದಾಗ ಅದು ಮೆಮೊರಿಗೆ ಎಳೆಯುವುದು ಬರೀ 4 ಮಿಲಿಆಂಪಿಯರ್.

ಡ್ಯಾಶ್ ಬಿಚ್ಚುವುದು ಅನಿವಾರ್ಯವಾಯಿತು. ಗೇರ್ ಗುಬ್ಬಿ ತಿರುಗಿಸಿ ತೆಗೆದು, ನಡುವಿನ ಕನ್ಸೋಲ್ ಎತ್ತಿ, ಸ್ಟೀರಿಯೋ ಸುತ್ತಲಿನ ಫಲಕವನ್ನು ಬಿಚ್ಚಬೇಕು. ಫಲಕದ ಕೆಳಗೆ ಸ್ಕ್ರೂಗಳು ಕಾಣುತ್ತವೆ, ಮೇಲಿನ ಹಿಡಿತ ಮಾತ್ರ ಎರಡು ದುಂಡು ಗಾಳಿಕಿಂಡಿಗಳ ಹಿಂದೆ ಅಡಗಿದೆ. ಕಿಂಡಿಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಸ್ವಲ್ಪಸ್ವಲ್ಪ ಎಬ್ಬಿಸಬೇಕು. ಮೂವತ್ತು ವರ್ಷದ ಪ್ಲಾಸ್ಟಿಕ್ ಚಳಿಯಲ್ಲಿ ಹಪ್ಪಳದಂತೆ ಒಡೆಯುತ್ತದೆ. ಹೀಟರ್ ಹಾಕಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಫಲಕವನ್ನು ರಪ್ಪನೆ ಎಳೆಯಬಾರದು. ಹಜಾರ್ಡ್ ಮತ್ತು ಹೆಡ್‌ಲೈಟ್ ಎತ್ತುವ ಗುಂಡಿಗಳ ಕನೆಕ್ಟರುಗಳು ಹಿಂದೆ ನೇತಾಡುತ್ತಿರುತ್ತವೆ.

ಹಿಂದೆ ಸಿಕ್ಕದ್ದು ಎರಡು. ಒಂದು, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಲೋಹದ ಡಬ್ಬಿ, ಆಂಟೆನಾ ಕೇಬಲಿನ ಮಧ್ಯೆ. ಜಪಾನಿನ ಎಫ್ಎಂ ಆಗ 76ರಿಂದ 90 ಮೆಗಾಹರ್ಟ್ಸ್, ಬ್ರಿಟನ್ನಿನದು 87.5ರಿಂದ 108. ಜಪಾನಿ ರೇಡಿಯೋದಲ್ಲಿ ಬ್ರಿಟನ್ನಿನ ಹೆಚ್ಚಿನ ಸ್ಟೇಷನ್ ಸಿಗುವುದಿಲ್ಲವಾದ್ದರಿಂದ ಬರುವ ಸಿಗ್ನಲನ್ನು ಕೆಳಗಿನ ಬ್ಯಾಂಡಿಗೆ ಇಳಿಸುವ ಈ ಡಬ್ಬಿಯನ್ನು ಹಾಕುತ್ತಿದ್ದರು. ರೇಡಿಯೋ ಬದಲಾಯಿತು, ಡಬ್ಬಿ ಉಳಿಯಿತು. ಅದು ಸದಾ ಕರೆಂಟ್ ಇರುವ ಲೈನಿನಿಂದ 35 ಮಿಲಿಆಂಪಿಯರ್ ಕುಡಿಯುತ್ತ, ಹೊಸ ರೇಡಿಯೋದಲ್ಲಿ ಸ್ಟೇಷನ್‌ಗಳನ್ನು ತಪ್ಪು ಜಾಗದಲ್ಲಿ ತೋರಿಸುತ್ತ ಕೂತಿತ್ತು. ಡಿಎಬಿಗೆ ಗಾಜಿನ ಮೇಲೆ ಬೇರೆಯೇ ಆಂಟೆನಾ ಇದ್ದುದರಿಂದ ಎಫ್ಎಂ ಕೆಟ್ಟಿರುವುದನ್ನು ಯಾರೂ ಗಮನಿಸಿರಲಿಲ್ಲ.

ಎರಡನೆಯದು ಅಲಾರಂ. ಆಮದಾದ ಕಾರಿಗೆ ವಿಮೆ ಸುಲಭವಾಗಲೆಂದು ಬ್ರಿಟನ್ನಿನಲ್ಲಿ ಹೊರಗಿನ ಅಲಾರಂ ಮತ್ತು ಇಮ್ಮೊಬಿಲೈಸರ್ (ಕಳ್ಳ ಎಂಜಿನ್ ಚಾಲೂ ಮಾಡದಂತೆ ತಡೆಯುವ ಸಾಧನ) ಕೂರಿಸುವ ರೂಢಿ. ಇದರ ಸೈರನ್ ಎಂಜಿನ್ ಕೋಣೆಯಲ್ಲಿದೆ, ಒಳಗೆ ತನ್ನದೇ ಚಿಕ್ಕ ರೀಚಾರ್ಜ್ ಬ್ಯಾಟರಿ ಇದೆ. ಕಳ್ಳ ಮುಖ್ಯ ಬ್ಯಾಟರಿ ಕಿತ್ತರೂ ಕೂಗಲಿ ಎಂದು. ಆ ಚಿಕ್ಕ ಬ್ಯಾಟರಿಯ ಸೆಲ್ಲುಗಳು ಶಾರ್ಟ್ ಆಗಿ, ಎಷ್ಟು ತುಂಬಿದರೂ ತುಂಬದ ಗಡಿಗೆಯಾಗಿತ್ತು. ಅಲಾರಮ್ಮಿನ ಮುಖ್ಯ ಮಾಡ್ಯೂಲ್ ಎಳೆಯುವುದು 12 ಮಿಲಿಆಂಪಿಯರ್, ಸೈರನ್ ಒಂದೇ 140. ಲೆಕ್ಕ ಸರಿಹೋಯಿತು: 140, 35, 12, ಉಳಿದ ಚಿಲ್ಲರೆ 8.

ಅಲಾರಂ ಕೆಟ್ಟಿದೆ ಎಂದು ಇಡೀ ವೈರಿಂಗನ್ನು ಕತ್ತರಿಸಿ ಎಸೆಯುವ ಆಸೆ ಬರುತ್ತದೆ. ಬೇಡ. ಇಮ್ಮೊಬಿಲೈಸರ್ ಕಾರಿನ ಕನಿಷ್ಠ ಎರಡು ಸರ್ಕಿಟ್‌ಗಳನ್ನು ಕಡಿದು ತನ್ನ ಮೂಲಕ ಹಾಯಿಸಿಕೊಂಡಿರುತ್ತದೆ, ಸಾಮಾನ್ಯವಾಗಿ ಸೆಲ್ಫ್ ಮತ್ತು ಇಗ್ನಿಷನ್ ಅಥವಾ ಪೆಟ್ರೋಲ್ ಪಂಪ್. ಅದರ ಮೇಲೆ ಕಳ್ಳನಿಗೆ ಗೊತ್ತಾಗಬಾರದೆಂದು ಎಲ್ಲ ತಂತಿಗಳೂ ಕಪ್ಪು. ಕತ್ತರಿಸಿದರೆ ಕಾರು ಹೊರಡುವುದಿಲ್ಲ, ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದೂ ತಿಳಿಯುವುದಿಲ್ಲ. ವಿಮೆಯ ಕಾಗದದಲ್ಲಿ ಅಲಾರಂ ಇದೆ ಎಂದು ಬರೆದಿದ್ದರೆ ಅದು ಇನ್ನೊಂದು ತಲೆನೋವು. ಇಲ್ಲಿ ಸೈರನ್ ಮಾತ್ರ ಬದಲಾಯಿತು. ಹಳೆಯದರ ಪಕ್ಕದಲ್ಲಿರುವ ಚಿಕ್ಕ ಕೀಯನ್ನು ಮೊದಲು ಆಫ್‌ಗೆ ತಿರುಗಿಸದೆ ಕನೆಕ್ಟರ್ ಎಳೆದರೆ ಅಳಿದುಳಿದ ಚಾರ್ಜಿನಲ್ಲೂ ಬೀದಿ ಎಬ್ಬಿಸುತ್ತದೆ.

ಈ ಹಂತದಲ್ಲಿ ಬೇರೆ ಒಂದು ಸುಧಾರಣೆಯೂ ಆಯಿತು: ತಂತಿಯನ್ನು ಸುಲಿಯದೆ ಮೇಲಿಂದ ಕಚ್ಚಿಸುವ ನೀಲಿ ಕ್ಲಿಪ್ಪುಗಳು ಏಳು ಸಿಕ್ಕವು. ಅವು ತಾಮ್ರದ ಎಳೆಗಳನ್ನು ಅರ್ಧ ಕೊಯ್ದು, ತೇವ ಸೇರಿ ಹಸಿರು ಹಿಡಿಸುತ್ತವೆ. ಏಳನ್ನೂ ತೆಗೆದು, ತಂತಿಯನ್ನು ಬೆಸೆದು, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಲಾಯಿತು.

ಕೀರಲು

ಕೀರಲು ಎಂದರೆ ಹೆಚ್ಚಿನವರು ಮೊದಲು ಅಂಗಡಿಯಿಂದ ತರುವುದು ಫಿಲ್ಟರ್ ಡಬ್ಬಿ. ಆರ್‌ಸಿಎ ಮಧ್ಯೆ ಕೂರಿಸುವ ಟ್ರಾನ್ಸ್‌ಫಾರ್ಮರ್ ಡಬ್ಬಿ ಕೀರಲನ್ನು ನಿಲ್ಲಿಸಬಹುದು, ಅಗ್ಗದ್ದಾದರೆ ಬಾಸ್ ಅನ್ನೂ ತಿನ್ನುತ್ತದೆ. ಕಾರಣ ಹಾಗೇ ಒಳಗೆ ಕೊಳೆಯುತ್ತಿರುತ್ತದೆ. ಈ ಕಾರಿನಲ್ಲೂ ಅಂಥದ್ದೊಂದು ಇತ್ತು. ಪರೀಕ್ಷೆ ಶುರುವಾಗುವ ಮೊದಲು ತೆಗೆದಿಡಲಾಯಿತು.

ಪರೀಕ್ಷೆ ಈ ಕ್ರಮದಲ್ಲಿ ನಡೆಯಿತು. ಎಂಜಿನ್ ಓಡುವಾಗ ವಾಲ್ಯೂಮ್ ಸೊನ್ನೆ ಮಾಡಿದರೂ ಕೀರಲು ಅಷ್ಟೇ ಇದೆ. ಅಂದರೆ ಅದು ವಾಲ್ಯೂಮ್ ನಿಯಂತ್ರಣದ ಆಚೆ ಒಳನುಗ್ಗುತ್ತಿದೆ. ಡಿಕ್ಕಿಯ ಆಂಪ್ಲಿಫೈಯರಿನಿಂದ ಆರ್‌ಸಿಎ ಕೇಬಲ್ ಕಿತ್ತು, ನಡುವಿನ ಕಡ್ಡಿಗೂ ಹೊರಬಳೆಗೂ ತಂತಿ ಬೆಸೆದು ಶಾರ್ಟ್ ಮಾಡಿದ ಖಾಲಿ ಪ್ಲಗ್‌ಗಳನ್ನು ಚುಚ್ಚಿದಾಗ ಮೌನ. ಆಂಪ್ಲಿಫೈಯರ್ ನಿರಪರಾಧಿ, ಅದರ ಪವರ್ ಲೈನಿನಿಂದಲೂ ಬರುತ್ತಿಲ್ಲ. ಆಮೇಲೆ ಅದೇ ಆಂಪ್ಲಿಫೈಯರಿಗೆ ಒಂದು ಮೊಬೈಲ್ ಫೋನನ್ನು ನೇರ ಸೇರಿಸಿ ಹಾಡು ಹಾಕಿದರೆ ಸ್ವಚ್ಛ. ಅದೇ ಫೋನಿಗೆ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಚಾರ್ಜರ್ ಸಿಕ್ಕಿಸಿದೊಡನೆ ಕೀರಲು ಹಾಜರ್. ಈ ಒಂದು ಪರೀಕ್ಷೆಗೆ ಕಾಸಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ: ಸಿಗ್ನಲ್ ಕೊಡುವ ಪೆಟ್ಟಿಗೆ ಡ್ಯಾಶ್‌ನ ಅರ್ತ್‌ಗೂ (ಕರೆಂಟ್ ನೆಗೆಟಿವ್ ಕಡೆಗೆ ಮರಳುವ ಜೋಡಣೆ) ಡಿಕ್ಕಿಯ ಅರ್ತ್‌ಗೂ ಒಟ್ಟಿಗೆ ಕಟ್ಟಿಬಿದ್ದಾಗ ಮಾತ್ರ ಗಲಾಟೆ. ಅಂದರೆ ಎರಡು ಅರ್ತ್‌ಗಳು ಒಂದೇ ಮಟ್ಟದಲ್ಲಿಲ್ಲ, ಅವುಗಳ ನಡುವೆ ಆರ್‌ಸಿಎ ಕೇಬಲಿನ ಹೊರಕವಚದಲ್ಲಿ ಕರೆಂಟ್ ಹರಿಯುತ್ತಿದೆ.

ಹೆಡ್ ಯೂನಿಟ್ಟಿನ ಅರ್ತ್ ತಂತಿಯನ್ನು ಸ್ಟೀರಿಯೋ ಹಿಡಿದಿಡುವ ಬ್ರಾಕೆಟ್ಟಿನ ಸ್ಕ್ರೂಗೆ, ಬಣ್ಣದ ಮೇಲೆಯೇ, ಸುತ್ತಿದ್ದರು. ಕಣ್ಣಿಗೆ ರಾಚುವ ತಪ್ಪು. ಅದನ್ನು ಬಿಚ್ಚಿ, 2.5 ಚದರ ಮಿಲಿಮೀಟರ್ ತಂತಿ 25 ಸೆಂಟಿಮೀಟರ್ ಉದ್ದ ತೆಗೆದುಕೊಂಡು, ತುದಿಗೆ ರಿಂಗ್ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಕಚ್ಚಿಸಿ, ಡ್ಯಾಶ್ ಕೆಳಗಿನ ಅಡ್ಡ ತೊಲೆ ಬಾಡಿಗೆ ಸೇರುವ ಬೋಲ್ಟಿನ ಬಳಿ ಬಣ್ಣ ಕೆರೆದು ಬಿಗಿಯಲಾಯಿತು. ಎಂಜಿನ್ ಚಾಲೂ ಮಾಡಿದರೆ ಕೀರಲು ಕಡಿಮೆಯಾಗುವ ಬದಲು ಜೋರಾಯಿತು.

ಇಲ್ಲಿ ಎದೆಗುಂದಿ ಹಳೆಯ ಸ್ಕ್ರೂಗೇ ಮರಳುವವರುಂಟು. ಆದರೆ ಈ ಹೆಚ್ಚಳ ನಿಜಕ್ಕೂ ಸುಳಿವು. ಎರಡು ಅರ್ತ್ ಬಿಂದುಗಳ ನಡುವಿನ ವೋಲ್ಟೇಜು ಒಂದು ಉಂಗುರದಂಥ ದಾರಿಯಲ್ಲಿ ಕರೆಂಟ್ ತಳ್ಳುತ್ತಿದೆ. ಆ ಉಂಗುರದಲ್ಲಿ ಹಳೆಯ ಬಣ್ಣ ಹತ್ತಿದ ಸ್ಕ್ರೂ ಒಂದು ರೋಧವಾಗಿ ಕೂತು ಕರೆಂಟನ್ನು ಸ್ವಲ್ಪ ತಡೆಯುತ್ತಿತ್ತು. ಅದನ್ನು ಸರಿಮಾಡಿದಾಗ ತಡೆ ಹೋಯಿತು, ಕವಚದಲ್ಲಿ ಹೆಚ್ಚು ಹರಿಯಿತು. ಹಾಗಾದರೆ ತಳ್ಳುವ ವೋಲ್ಟೇಜು ಹುಟ್ಟುತ್ತಿರುವುದು ಇನ್ನೊಂದು ತುದಿಯಲ್ಲಿ. ಹಿಂದಿನ ಮಡ್‌ಗಾರ್ಡಿನ ಮೇಲಿರುವ ಆಂಟೆನಾದ ಕೇಬಲ್ ಕಿತ್ತಾಗ ಕೀರಲು ತುಸು ಬದಲಾದದ್ದೂ ಇದನ್ನೇ ಹೇಳಿತು. ಆಂಟೆನಾ ಕವಚವೂ ಹೆಡ್ ಯೂನಿಟ್ಟನ್ನು ಕಾರಿನ ಹಿಂಭಾಗಕ್ಕೆ ಕಟ್ಟುವ ಇನ್ನೊಂದು ಹಗ್ಗ.

ಇನ್ನೊಂದು ತುದಿ ಅಂದರೆ ಡಿಕ್ಕಿ. ಆಂಪ್ಲಿಫೈಯರಿನ ಅರ್ತ್ ಕೇಬಲನ್ನು ನೇರ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಕೊಟ್ಟಿದ್ದರು. ಕೇಳಲು ಇದಕ್ಕಿಂತ ಶುದ್ಧ ಅರ್ತ್ ಇಲ್ಲ ಅನ್ನಿಸುತ್ತದೆ. ಮೀಟರ್ ಬೇರೆ ಹೇಳಿತು. ಎಂಜಿನ್ 2000 ಆರ್‌ಪಿಎಂ, ಹೆಡ್‌ಲೈಟ್ ಆನ್, ಹಾಡು ಮಧ್ಯಮ ಸದ್ದಿನಲ್ಲಿ. ಮೀಟರಿನ ಒಂದು ಮುಳ್ಳು ನೆಗೆಟಿವ್ ಕಂಬದ ಸೀಸದ ಮೇಲೆ, ಇನ್ನೊಂದು ಡಿಕ್ಕಿಯ ತಳದಲ್ಲಿ ಕೆರೆದ ಬರಿ ತಗಡಿನ ಮೇಲೆ: 0.12 ವೋಲ್ಟ್. ಸೆಲ್ಫ್ ಹೊಡೆಯುವಾಗ ಅದೇ ಜಾಗದಲ್ಲಿ 0.74 ವೋಲ್ಟ್. ಇರಬೇಕಾದದ್ದು 0.1ರ ಒಳಗೆ.

ಓಮ್ ನಿಯಮ ಹಾಕಿ ನೋಡಿದರೆ ಎರಡೂ ಓದುಗಳು ಸುಮಾರು 6 ಮಿಲಿಓಮ್‌ನ ಒಂದೇ ತಪ್ಪಿತಸ್ಥನ ಕಡೆ ಬೊಟ್ಟು ಮಾಡುತ್ತವೆ: ಎಂಜಿನ್ ಓಡುವಾಗ ಅಲ್ಲಿ ಹರಿಯುವುದು 20 ಆಂಪಿಯರ್‌ನಷ್ಟು, ಸೆಲ್ಫ್ ಹೊಡೆಯುವಾಗ 120ರಷ್ಟು. ಮಲ್ಟಿಮೀಟರಿನ ಓಮ್ ಸಾಲಿನಲ್ಲಿ 6 ಮಿಲಿಓಮ್ ಕಾಣುವುದೇ ಇಲ್ಲ, ಮೀಟರಿನ ಮುಳ್ಳುಗಳ ರೋಧವೇ ಅದಕ್ಕಿಂತ ಎಷ್ಟೋ ಹೆಚ್ಚು. ‘ಅರ್ತ್ ಬೀಪ್ ಬರ್ತಿದೆ, ಸರಿ ಇದೆ’ ಎನ್ನುವ ಪರೀಕ್ಷೆಗೆ ಇಂಥ ಕಡೆ ಬೆಲೆಯಿಲ್ಲ. ಕರೆಂಟ್ ಹರಿಯುತ್ತಿರುವಾಗ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂಬುದೊಂದೇ ಅಳತೆ.

ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಬೋಲ್ಟನ್ನು ಬಿಚ್ಚಿದಾಗ ಕಾರಣ ಕಂಡಿತು. ಲಗ್ ಕೆಳಗೆ ತುಕ್ಕಿನ ಕಂದು ಪುಡಿ, ಸುತ್ತ ಬಿಳಿ ಉಪ್ಪು. ಕಾರ್ಖಾನೆಯ ಮುಚ್ಚಿದ ಬ್ಯಾಟರಿಯ ಬದಲು ಯಾರೋ ಸಾಮಾನ್ಯ ನೀರು ತುಂಬುವ ಬ್ಯಾಟರಿ ಹಾಕಿದ್ದರು, ಅನಿಲ ಹೊರಗೆ ಒಯ್ಯುವ ಸಣ್ಣ ಕೊಳವೆಗಳನ್ನು ಜೋಡಿಸಿರಲಿಲ್ಲ. ಚಾರ್ಜ್ ಆಗುವಾಗ ಏಳುವ ಆಮ್ಲದ ಹಬೆ ಡಿಕ್ಕಿಯಲ್ಲೇ ಸುತ್ತಿ ಹತ್ತಿರದ ಲೋಹವನ್ನು ತಿಂದಿತ್ತು. ಜೊತೆಗೆ ಹೈಡ್ರೋಜನ್, ಮುಚ್ಚಿದ ಡಿಕ್ಕಿ, ಪಕ್ಕದಲ್ಲಿ ಆಂಪ್ಲಿಫೈಯರ್. ಕೀರಲಿಗಿಂತ ಇದು ದೊಡ್ಡ ಅಪಾಯ.

ಈ ಬೋಲ್ಟಿಗೂ ಕೀರಲಿಗೂ ಸಂಬಂಧ ಹೀಗೆ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಮುಂದಿರುವ ಆಲ್ಟರ್ನೇಟರ್. ಬ್ಯಾಟರಿ ತುಂಬುವ ಕರೆಂಟೂ ಆಂಪ್ಲಿಫೈಯರ್ ಕುಡಿಯುವ ಕರೆಂಟೂ ಉದ್ದದ ಪಾಸಿಟಿವ್ ಕೇಬಲಿನಲ್ಲಿ ಹಿಂದಕ್ಕೆ ಬಂದು, ಈ ಬೋಲ್ಟಿನ ಮೂಲಕ ಬಾಡಿಗೆ ಇಳಿದು, ಬಾಡಿಯ ತಗಡಿನಲ್ಲಿ ಮುಂದಕ್ಕೆ ನಡೆದು, ಎಂಜಿನ್ನಿನ ಅರ್ತ್ ಪಟ್ಟಿಯಿಂದ ಆಲ್ಟರ್ನೇಟರಿಗೆ ಮರಳುತ್ತವೆ. ಆ ಕರೆಂಟಿನ ಮೇಲೆ ಆಲ್ಟರ್ನೇಟರಿನ ಅಲೆ, ಅಂದರೆ ಎಂಜಿನ್ ವೇಗ ಏರಿದಂತೆ ವೇಗವಾಗುವ ಸಣ್ಣ ಏರಿಳಿತ, ಸವಾರಿ ಮಾಡುತ್ತಿರುತ್ತದೆ. ಆಂಪ್ಲಿಫೈಯರಿನ ಅರ್ತ್ ಕಂಬದ ಮೇಲೆ, ಹೆಡ್ ಯೂನಿಟ್ಟಿನ ಅರ್ತ್ ಬಾಡಿಯ ಮೇಲೆ. ನಡುವೆ ತುಕ್ಕಿನ ಬೋಲ್ಟ್. ಬೋಲ್ಟಿನ ಮೇಲೆ ಹುಟ್ಟಿದ ಅಲೆ ಅಷ್ಟೂ ಆರ್‌ಸಿಎ ಕವಚದ ಎರಡು ತುದಿಗೆ ಬಂದು ಕೂರುತ್ತದೆ. ಬ್ಯಾಟರಿ ಮುಂದೆಯೇ ಇರುವ ಕಾರಿನಲ್ಲಿ ಈ ದೋಷ ಈ ರೂಪದಲ್ಲಿ ಬರುವುದು ಅಪರೂಪ.

ಸರಿಪಡಿಸುವ ಮೊದಲು ಒಂದು ಪುಕ್ಕಟೆ ಖಾತ್ರಿ: ಜಂಪ್ ಕೇಬಲಿನ ಒಂದು ತುದಿಯನ್ನು ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಬರಿ ತಗಡಿಗೆ ಕಚ್ಚಿಸಿದಾಗ ಕೀರಲು ಥಟ್ಟನೆ ನಿಂತಿತು. ತೆಗೆದರೆ ಮತ್ತೆ ಬಂತು. ಇನ್ನು ಅನುಮಾನಕ್ಕೆ ಜಾಗವಿಲ್ಲ.

ಕೆಲಸ: ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ ಬ್ಯಾಟರಿ ಹೊರಗೆ. ಅರ್ಧ ಲೀಟರ್ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡ ಕಲಸಿ ತಳಕ್ಕೆ ಹೊಯ್ದು, ನೊರೆ ನಿಲ್ಲುವವರೆಗೆ ಬಿಟ್ಟು, ತೊಳೆದು ಒಣಗಿಸಿದರು. ಲಗ್ ಕೂರುವ ಜಾಗದ ತಗಡನ್ನು ರೂಪಾಯಿ ನಾಣ್ಯದ ಎರಡರಷ್ಟು ಅಗಲ ಬೆಳ್ಳಗೆ ಉಜ್ಜಿ, ಲಗ್ಗನ್ನೂ ಉಜ್ಜಿ, ಹೊಸ ಬೋಲ್ಟ್, ಹಲ್ಲಿನ ವಾಷರ್. ಆಂಪ್ಲಿಫೈಯರಿನ 16 ಚದರ ಮಿಲಿಮೀಟರ್ ಅರ್ತ್ ಕೇಬಲನ್ನು ಕಂಬದಿಂದ ಕಿತ್ತು ಇದೇ ಬೋಲ್ಟಿಗೆ ತರಲಾಯಿತು. ಬಿಗಿದ ಮೇಲೆ ಹೊರಗಿನಿಂದ ಮೇಣದಂಥ ತುಕ್ಕುನಿರೋಧಕ ಬಳಿಯಬೇಕು. ಬಿಗಿಯುವ ಮೊದಲು ಬಳಿದರೆ ಅದೇ ತಡೆಯಾಗುತ್ತದೆ. ಎಜಿಎಂ ಬ್ಯಾಟರಿ, ಅದರ ಅನಿಲದ ಕೊಳವೆ ಮತ್ತೆ ಹೊರಗೆ.

ಎಂಜಿನ್ ಮತ್ತು ಬಾಡಿ ನಡುವಿನ ಪಟ್ಟಿಯನ್ನೂ ಇದೇ ಕೈಯಲ್ಲಿ ನೋಡಲಾಯಿತು. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿನಿಂದ ಬಾಡಿಗೆ 0.28 ವೋಲ್ಟ್ ಬೀಳುತ್ತಿತ್ತು, ಎರಡೂ ತುದಿ ಉಜ್ಜಿದ ಮೇಲೆ 0.06. ಇದು ಕೀರಲಿಗೆ ನೇರ ಕಾರಣವಲ್ಲ. ಆದರೆ ಚಾರ್ಜಿಂಗ್ ಮೇಲೆ ಪರಿಣಾಮ ಕಂಡಿತು: ಆಲ್ಟರ್ನೇಟರಿನ ಮೈಮೇಲೆ 14.2 ವೋಲ್ಟ್ ಇದ್ದಾಗ ಬ್ಯಾಟರಿ ಕಂಬಗಳ ನಡುವೆ ಮೊದಲು 13.6 ಇತ್ತು, ಈಗ 13.9. ಮೊದಲ ದೂರಿನ ಇನ್ನರ್ಧ ಉತ್ತರ ಇಲ್ಲಿದೆ. ಬ್ಯಾಟರಿ ಸೋರುತ್ತಿದ್ದದ್ದಷ್ಟೇ ಅಲ್ಲ, ಪೂರ್ತಿ ತುಂಬುತ್ತಲೂ ಇರಲಿಲ್ಲ.

ಕಂಬದಿಂದ ಬಾಡಿಗೆ ಈಗ ಎಂಜಿನ್ ಓಡುವಾಗ 0.01 ವೋಲ್ಟ್, ಸೆಲ್ಫ್‌ನಲ್ಲಿ 0.06. 3000 ಆರ್‌ಪಿಎಂ, ಲೈಟು, ಹೀಟರ್ ಫ್ಯಾನ್ ಎಲ್ಲ ಹಾಕಿದರೂ ಸ್ಪೀಕರಿಗೆ ಕಿವಿ ಹಚ್ಚಿದರೆ ಆಂಪ್ಲಿಫೈಯರಿನ ಸಹಜ ಸುಯ್ ಎನ್ನುವ ಸದ್ದು ಮಾತ್ರ. ಆರ್‌ಸಿಎ ಕೇಬಲ್ ಪಾಸಿಟಿವ್ ಕೇಬಲಿನ ಪಕ್ಕದಲ್ಲೇ ಓಡುತ್ತಿತ್ತು. ಅದನ್ನು ಬದಲಿಸದೆ ಹಾಗೇ ಬಿಡಲಾಯಿತು, ಏಕೆಂದರೆ ಅದರಿಂದ ಏನೂ ಆಗುತ್ತಿರಲಿಲ್ಲ. ದೂರ ದೂರ ಎಳೆಯಿರಿ ಎಂಬ ಉಪದೇಶ ತಪ್ಪಲ್ಲ, ಆದರೆ ಕೀರಲಿನ ಮೊದಲ ಸಂಶಯ ಅದಾಗಬಾರದು.

ಹೀಗೆ ಅರ್ತ್ ಹುಡುಕುವಾಗ ಹೆಡ್ ಯೂನಿಟ್ ಆನ್ ಇಟ್ಟುಕೊಂಡು ಆರ್‌ಸಿಎ ಪ್ಲಗ್ ಕೀಳುವ-ಚುಚ್ಚುವ ಆಟ ಆಡಬಾರದು. ಹಲವು ಹೆಡ್ ಯೂನಿಟ್‌ಗಳಲ್ಲಿ ಆರ್‌ಸಿಎ ಹೊರಬಳೆಗೆ ಅರ್ತ್ ಹೋಗುವುದು ಬೋರ್ಡಿನ ಮೇಲಿನ ಕೂದಲೆಳೆಯಂಥ ಫ್ಯೂಸಿನಿಂದ. ಆಂಪ್ಲಿಫೈಯರಿನ ಅರ್ತ್ ಸಡಿಲವಾಗಿದ್ದರೆ ಅದರ ಕರೆಂಟೆಲ್ಲ ಆ ದಾರಿ ಹಿಡಿದು ಫ್ಯೂಸ್ ಸುಡುತ್ತದೆ. ಆಮೇಲೆ ಅರ್ತ್ ಎಷ್ಟೇ ಸರಿಮಾಡಿದರೂ ಕೀರಲು ಹೋಗುವುದಿಲ್ಲ. ಎಲ್ಲ ಕಿತ್ತಿಟ್ಟು, ಆರ್‌ಸಿಎ ಹೊರಬಳೆಗೂ ಹೆಡ್ ಯೂನಿಟ್ಟಿನ ಮೈಗೂ ನಡುವೆ ಓಮ್ ನೋಡಿದರೆ ತಿಳಿಯುತ್ತದೆ; ಇಲ್ಲಿ ಅದು ಉಳಿದಿತ್ತು.

ಸತ್ತು ಹುಟ್ಟುವ ಸ್ಟೀರಿಯೋ

ಹಳದಿ, ಕೆಂಪು ಎರಡೂ ತಂತಿ ಕೀ ಲೈನಿನಲ್ಲಿದ್ದುದರಿಂದ ಹೆಡ್ ಯೂನಿಟ್ಟಿನ ಪೂರ್ತಿ ಹೊಟ್ಟೆಪಾಡು ಇಗ್ನಿಷನ್ ಸ್ವಿಚ್ಚಿನ ಮೂವತ್ತು ವರ್ಷದ ಪಾಯಿಂಟುಗಳ ಮೂಲಕ ಬರುತ್ತಿತ್ತು. ಕೆಂಪು ತಂತಿ ಬರೀ ‘ಏಳು’ ಎಂದು ಹೇಳುವ ತಂತಿ, ಅದಕ್ಕೆ ಬೇಕಾದ ಕರೆಂಟ್ ತೀರ ಕಡಿಮೆ, ಹಳದಿಯೇ ಹೊರೆಯಾಳು. ಹೆಡ್‌ರೆಸ್ಟ್ ಸ್ಪೀಕರುಗಳು ಜೋರಾಗಿ ನುಡಿಯುವಾಗ 4 ಆಂಪಿಯರ್ ಎಳೆದರೆ ಸ್ವಿಚ್ಚು ಮತ್ತು ಹಳೆಯ ಕ್ಲಿಪ್ಪಿನ ಜೋಡಣೆ ಸೇರಿ 2.2 ವೋಲ್ಟ್ ನುಂಗುತ್ತಿದ್ದವು. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಎತ್ತುವ ಎರಡು ಮೋಟಾರುಗಳು ಒಮ್ಮೆಗೇ ಎಳೆದಾಗ ಕಾರಿನ ವೋಲ್ಟೇಜ್ 12.4ಕ್ಕೆ ಕುಸಿದು ಹೆಡ್ ಯೂನಿಟ್ಟಿಗೆ ಮುಟ್ಟುತ್ತಿದ್ದದ್ದು 10.2. ಅದು ಕಣ್ಣು ಮುಚ್ಚಿ ಮತ್ತೆ ತೆರೆಯುವ ಹೊಸ್ತಿಲು.

ಹಳದಿ ತಂತಿಯನ್ನು ರೂಮ್ ಫ್ಯೂಸಿಗೆ ಮರಳಿಸಿದ್ದರೂ ಸಾಕಾಗುತ್ತಿತ್ತು. ಆದರೆ ಆ ಫ್ಯೂಸಿನ ಮೇಲೆ ಆಗಲೇ ಅಲಾರಂ ಇದೆ. ಬ್ಯಾಟರಿಯಿಂದಲೇ ಹೊಸ 2.5 ಚದರ ಮಿಲಿಮೀಟರ್ ತಂತಿ ಮೂರೂವರೆ ಮೀಟರ್, ಬ್ಯಾಟರಿಯಿಂದ 20 ಸೆಂಟಿಮೀಟರ್ ಒಳಗೆ 10 ಆಂಪಿಯರ್ ಫ್ಯೂಸ್, ಕಾರ್ಪೆಟ್ ಕೆಳಗೆ ಡ್ಯಾಶ್‌ವರೆಗೆ. ತಗಡು ದಾಟುವ ಪ್ರತಿ ತೂತಿಗೆ ರಬ್ಬರ್ ಬಳೆ. ಈಗ ಅದೇ ಹೊರೆಯಲ್ಲಿ ಬೀಳುವುದು 0.2 ವೋಲ್ಟಿನೊಳಗೆ.

ಆಂಪ್ಲಿಫೈಯರನ್ನು ಎಬ್ಬಿಸುವ ತಂತಿಯ ಬಗ್ಗೆ ಒಂದು ಮಾತು. ಹೆಡ್ ಯೂನಿಟ್ಟಿನಲ್ಲಿ ನೀಲಿ ಮತ್ತು ನೀಲಿ-ಬಿಳಿ ಎಂದು ಎರಡು ಇದ್ದರೆ ಆಂಪ್ಲಿಫೈಯರಿಗೆ ನೀಲಿ-ಬಿಳಿಯೇ ಬೇಕು. ನೀಲಿ ಎಲೆಕ್ಟ್ರಿಕ್ ಆಂಟೆನಾಕ್ಕೆ. ಕೆಲವು ಮಾದರಿಗಳಲ್ಲಿ ಅದು ರೇಡಿಯೋ ನುಡಿಯುವಾಗ ಮಾತ್ರ ಜೀವಂತ, ಬ್ಲೂಟೂತಿಗೆ ಹೋದೊಡನೆ ಆಂಪ್ಲಿಫೈಯರ್ ಮಲಗಿಬಿಡುತ್ತದೆ. ಹಳೆಯ ಸ್ಪೀಕರ್ ತಂತಿಗಳಿಗೆ ಹೊಸ ಹೆಡ್ ಯೂನಿಟ್ ಸೇರಿಸುವ ಮೊದಲು ಅವುಗಳಲ್ಲಿ ಯಾವುದೂ ಬಾಡಿಗೆ ತಾಗಿಲ್ಲ, ಎಡಬಲದ ನೆಗೆಟಿವ್‌ಗಳು ಒಂದಾಗಿಲ್ಲ ಎಂದು ಮೀಟರಿನಲ್ಲಿ ನೋಡಲೇಬೇಕು. ಇಂದಿನ ಹೆಡ್ ಯೂನಿಟ್‌ಗಳ ಸ್ಪೀಕರ್ ನೆಗೆಟಿವ್ ಎಂದರೆ ಅರ್ತ್ ಅಲ್ಲ. ತಾಗಿದರೆ ಒಳಗಿನ ಆಂಪ್ಲಿಫೈಯರ್ ಚಿಪ್ ಸುಡಬಹುದು.

ಕೊನೆಯ ಓದು: ಹೊಸ ಸೈರನ್ 3, ಹೆಡ್ ಯೂನಿಟ್ 4, ಅಲಾರಂ 12, ಚಿಲ್ಲರೆ 8, ಒಟ್ಟು 27 ಮಿಲಿಆಂಪಿಯರ್. ದಿನಕ್ಕೆ 0.65 ಆಂಪಿಯರ್-ಅವರ್. ಹದಿನಾಲ್ಕು ದಿನ ಮುಟ್ಟದೆ ನಿಲ್ಲಿಸಿದ ಮೇಲೆ ಬ್ಯಾಟರಿ 12.5 ವೋಲ್ಟ್ ತೋರಿಸಿ ಮೊದಲ ಸುತ್ತಿಗೇ ಎಂಜಿನ್ ಹಿಡಿಯಿತು. ಬ್ಯಾಂಡ್ ಇಳಿಸುವ ಡಬ್ಬಿ ಹೋದ ಮೇಲೆ ಎಫ್ಎಂ ಸ್ಟೇಷನ್‌ಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಎಲೆಕ್ಟ್ರಿಕ್ ಆಂಟೆನಾದ ಕಂಬ ಮಾತ್ರ ಅರ್ಧಕ್ಕೆ ಏರಿ ನಿಲ್ಲುತ್ತದೆ, ಒಳಗಿನ ಹಲ್ಲಿನ ನೈಲಾನ್ ಹಗ್ಗ ಸವೆದಿದೆ. ಹೊಸ ಹಗ್ಗ ಬರುವವರೆಗೆ ಆಂಟೆನಾದ ಮೋಟಾರಿನ ಕನೆಕ್ಟರ್ ಕಿತ್ತಿಡಲಾಗಿದೆ.